ಜಗಳದ ಹವಾಮಾನ

ಮಳೆ ಬರುತ್ತದೆ ಎಂದು ಹೇಳುವವರನ್ನು ಜನ ನಂಬುವುದಿಲ್ಲ. ನಮ್ಮನ್ನು ನಂಬುತ್ತಿದ್ದರು. ನಾವು ಹೇಳುತ್ತಿದ್ದದ್ದು ಮಳೆಯ ವಿಷಯವಲ್ಲ, ಜಗಳದ ವಿಷಯ. ದಾವಣಗೆರೆಯಲ್ಲಿ ಹಳೆಯ ಹತ್ತಿ ಗಿರಣಿಯೊಂದರ ಗೋದಾಮಿನೊಳಗೆ ನಮ್ಮ ಗೃಹ ಹವಾಮಾನ ಕೇಂದ್ರ ಇತ್ತು. ಯಾವ ಮನೆಯಲ್ಲಿ, ಎಷ್ಟು ಹೊತ್ತಿಗೆ, ಎಷ್ಟು ಜೋರಾಗಿ ಗಂಡ ಹೆಂಡತಿ ಜಗಳ ಆಡುತ್ತಾರೆ ಎಂದು ನಲವತ್ತು ನಿಮಿಷ ಮೊದಲೇ ಹೇಳುವುದು ನಮ್ಮ ಕೆಲಸ. ನಾನು ಅಲ್ಲಿ ಹಿರಿಯ ಮುನ್ಸೂಚಕಿ, ಹೆಸರು ನೀಲಾಂಬಿಕೆ. ಈ ಕಥೆಯಲ್ಲಿ ತಪ್ಪು ಮಾಡಿದವಳೂ ನಾನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಬೆರಳು ತೋರಿಸುವುದು ಬೇಡ.

ಯಂತ್ರ ದೊಡ್ಡದೇನಲ್ಲ. ಇಡ್ಲಿ ತಟ್ಟೆಯಷ್ಟು ಅಗಲದ ಡಬ್ಬಿ. ನಡುಮನೆಯ ಗೋಡೆಗೆ ಒಂದು, ಅಡುಗೆಮನೆಗೆ ಒಂದು. ಅದು ಮಾತು ಕೇಳುವುದಿಲ್ಲ. ಕೇಳಬಾರದು ಅಂತ ಕಾನೂನೇ ಇದೆ. ಅದು ಅಳೆಯುವುದು ದನಿಯ ನಡುಕ, ಹೆಜ್ಜೆಯ ವೇಗ, ಹಣೆಯ ಬಿಸಿ, ಉಸಿರಿನಿಂದ ಕೋಣೆಯಲ್ಲಿ ಏರುವ ಇಂಗಾಲದ ಡೈಆಕ್ಸೈಡು. ಇವೆಲ್ಲಕ್ಕಿಂತ ಮುಖ್ಯವಾದದ್ದು ಪಾತ್ರೆ ಸೂಚ್ಯಂಕ. ಸಾರಿನ ಪಾತ್ರೆಯನ್ನು ಕಟ್ಟೆಯ ಮೇಲೆ ಎಷ್ಟು ಜೋರಾಗಿ ಕುಕ್ಕುತ್ತಾರೆ ಎನ್ನುವುದರಲ್ಲಿ ಮುಂದಿನ ನಲವತ್ತು ನಿಮಿಷದ ಭವಿಷ್ಯವೆಲ್ಲ ಇದೆ ಎಂದು ಕಂಡುಹಿಡಿದವಳು ನಾನು. ಅದರ ಮೇಲೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆದು ಬಂದಾಗ ನಮ್ಮತ್ತೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ, "ಇದಕ್ಕೆ ಏಳು ವರ್ಷ ಓದ್ಬೇಕಿತ್ತೇನೇ? ನನ್ನ ಕೇಳಿದ್ರೆ ಒಂದೇ ದಿನದಾಗೆ ಹೇಳ್ತಿದ್ನಲ್ಲ" ಅಂದಿದ್ದರು.

ಹಳದಿ ಬಂದರೆ ಕಸಿವಿಸಿ. ಕೇಸರಿ ಬಂದರೆ ವಾಗ್ವಾದ. ಕೆಂಪು ಬಂದರೆ ತವರುಮನೆಯ ಹೆಸರು ಎತ್ತುವ ಮಟ್ಟದ ಜಗಳ. ಇಬ್ಬರ ಫೋನಿಗೂ ಸಂದೇಶ ಹೋಗುತ್ತದೆ: 'ನಿಮ್ಮ ಮನೆಯಲ್ಲಿ ಸಂಜೆ ೭.೨೦ಕ್ಕೆ ಜೋರು ಜಗಳದ ಸಂಭವವಿದೆ. ದಯವಿಟ್ಟು ಒಬ್ಬರು ಹೊರಗೆ ಹೋಗಿ.' ಒಬ್ಬರು ಹೋಗುತ್ತಾರೆ, ಜಗಳ ತಪ್ಪುತ್ತದೆ. ಕೇಂದ್ರದ ದೊಡ್ಡ ಪರದೆಯ ಮೇಲೆ ಆ ಮನೆ ಹಸಿರಾಗುತ್ತದೆ.

ಊರು ಬಹಳ ಬೇಗ ಹೊಂದಿಕೊಂಡಿತು. ಮಂಡಕ್ಕಿ ಮೆಣಸಿನಕಾಯಿ ಅಂಗಡಿಗಳ ಮುಂದೆ ಸಂಜೆ ಏಳಕ್ಕೆ ಗಂಡಸರ ಗುಂಪು, "ಕೇಸರಿನಾ?" "ಇಲ್ಲಪ್ಪ, ಕೆಂಪು" ಅನ್ನುವುದೇ ಅಲ್ಲಿ ಕುಶಲ ವಿಚಾರಣೆ. ಹೆಂಗಸರು ಪಾರ್ಕಿಗೆ ಹೋಗಿ ಸುತ್ತು ಹೊಡೆದೂ ಹೊಡೆದೂ ಎಷ್ಟೋ ಜನರ ಸಕ್ಕರೆ ಕಾಯಿಲೆ ಹತೋಟಿಗೆ ಬಂತು. ಧಾರಾವಾಹಿ ನೋಡಲು ಗಂಡನನ್ನು ಆಚೆ ಕಳಿಸಬೇಕಾದವರು ಸುಮ್ಮಸುಮ್ಮನೆ ಪಾತ್ರೆ ಕುಕ್ಕುವುದನ್ನು ಕಲಿತರು. ಹೆಣ್ಣು ನೋಡಲು ಬಂದವರು ಜಾತಕದ ಜೊತೆಗೆ ಹುಡುಗಿಯ ಅಪ್ಪ ಅಮ್ಮನ ಮೂರು ವರ್ಷದ ಬಣ್ಣದ ಪಟ್ಟಿಯನ್ನೂ ಕೇಳತೊಡಗಿದರು.

ನಮ್ಮ ಪಕ್ಕದ ಮನೆ ಹನುಮಕ್ಕ ಮಾತ್ರ ಡಬ್ಬಿ ಹಾಕಿಸಿಕೊಳ್ಳಲಿಲ್ಲ. ಆಕೆ ಬಟ್ಟೆ ಹೊಲಿಯುತ್ತಾರೆ. ಆಕೆಗೂ ಗಂಡ ತಿಪ್ಪೇಸ್ವಾಮಿಗೂ ದಿನ ಬೆಳಗಾದರೆ ಜಗಳ, ಅದೂ ಬೀದಿಗೆಲ್ಲ ಕೇಳುವ ಹಾಗೆ. ಡಬ್ಬಿಯ ಗುಣಗಳನ್ನು ವಿವರಿಸಲು ನಾನೇ ಹೋಗಿದ್ದೆ. ಹನುಮಕ್ಕ ಟೇಪನ್ನು ಕೊರಳಿಗೆ ಹಾಕಿಕೊಂಡು ಪೂರ್ತಿ ಕೇಳಿದರು. "ಹಸಿವಾಗೋಕೆ ಮುಂಚೆ ಹಸಿವಾಗ್ತದೆ ಅಂತ ಹೇಳೋಕೆ ಒಬ್ರು ಬೇಕೇನಮ್ಮ? ಹೋಗು, ನಿನ್ನ ಡಬ್ಬಿ ನಿನ್ನ ಹತ್ರನೇ ಇರ್ಲಿ" ಅಂದರು. ಹಳೆಯ ಕಾಲದವರು ಅಂತ ನಾನು ನಕ್ಕು ಬಂದೆ.

ಯಾಕೆ ನಗಬಾರದು? ನಮ್ಮ ಮನೆ ಇಡೀ ಕೇಂದ್ರಕ್ಕೇ ಮಾದರಿ. ನಾನೂರ ಹದಿನೆಂಟು ದಿನ ಸತತವಾಗಿ ಹಸಿರು. ನನ್ನ ಗಂಡ ಕೊಟ್ರೇಶ್ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು, ಖೊಖೊ ಕಲಿಸುವುದರಲ್ಲಿ ಎತ್ತಿದ ಕೈ. ಮೈದಾನದಲ್ಲಿ ಕೂಗಿದರೆ ಮೂರು ಬೀದಿಗೆ ಕೇಳುತ್ತದೆ. ಮನೆಯಲ್ಲಿ ಅವರಿದ್ದಾರೋ ಇಲ್ಲವೋ ಎಂದು ಇಣುಕಿ ನೋಡಬೇಕು. ನಮಗೆ ಮಕ್ಕಳಿಲ್ಲ. ಅತ್ತೆ ಇದ್ದಾಗ ಮೂರು ಜನ, ಅವರು ಹೋದ ಮೇಲೆ ಇಬ್ಬರು. "ಊಟ ಆಯ್ತಾ?" "ಆಯ್ತು." "ನೀರು ಬಂದಿತ್ತಾ?" "ಬಂದಿತ್ತು." ದಿನಕ್ಕೆ ಈ ನಾಲ್ಕು ಮಾತು. ಇದನ್ನು ನಾನು ಸುಖಸಂಸಾರ ಅಂದುಕೊಂಡಿದ್ದೆ.

ಒಂದು ಬುಧವಾರ ನಮ್ಮ ನಿರ್ದೇಶಕ ಡಾ. ವೃಷಭೇಂದ್ರಪ್ಪ ನನ್ನನ್ನು ಕರೆಸಿದರು. ಒಳ್ಳೆಯ ಮನುಷ್ಯ, ಆದರೆ ಪರದೆಯ ಮೇಲೆ ಹಸಿರು ಕಂಡರೆ ಮೇವು ಕಂಡ ಎತ್ತಿನ ಹಾಗೆ ಆಡುತ್ತಾರೆ.

"ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಆಯುಕ್ತರು ಬರ್ತಾರೆ ಕಣಮ್ಮ. ಡಬ್ಬಿನ ಇಡೀ ರಾಜ್ಯಕ್ಕೆ ಹಾಕ್ಬೇಕೋ ಬ್ಯಾಡೋ ಅಂತ ಅವ್ರೇ ತೀರ್ಮಾನ ಮಾಡೋದು. ಮಾದರಿ ಮನೆ ಅಂತ ನಿಮ್ಮನೇನೇ ತೋರಿಸ್ತೀವಿ. ಉಪ್ಪಿಟ್ಟು, ಕೇಸರಿಬಾತು ನಾವೇ ಮಾಡಿಸ್ತೀವಿ. ನೀವು ಮೇಷ್ಟ್ರು ಇಬ್ರೂ ನಗ್ತಾ ನಿಂತ್ಕೊಂಡ್ರೆ ಸಾಕು."

ನನಗೆ ಹಿಗ್ಗೋ ಹಿಗ್ಗು. ಸಂಜೆ ಮನೆಗೆ ಬಂದವಳೇ ಚಪ್ಪಲಿ ಬಿಡುತ್ತಲೇ ಹೇಳಿದೆ. ಕೊಟ್ರೇಶ್ ಕೂತು ಬೂಟಿಗೆ ಪಾಲಿಶ್ ಹಾಕುತ್ತಿದ್ದರು. "ಆಗ್ಲಿ" ಅಂದರು. ಆಮೇಲೆ ಬ್ರಷ್ ಕೆಳಗಿಟ್ಟು ಒಳಗೆ ಹೋಗಿ ಒಂದು ಕಾಗದ ತಂದು ನನ್ನ ಮುಂದೆ ಇಟ್ಟರು.

"ಇದನ್ನ ಇನ್ನೊಂದಿಷ್ಟು ದಿನ ಬಿಟ್ಟು ಕೊಡಾಣ ಅಂತಿದ್ದೆ. ಮುಚ್ಚಿಟ್ಕೊಂಡು ನಗ್ತಾ ನಿಂತ್ಕೊಳೋದು ನನ್ನ ಕೈಲಾಗಲ್ಲ ನೀಲಾ."

ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಅರ್ಜಿ. ಅವರ ಸಹಿ ಆಗಿತ್ತು. ನನ್ನ ಸಹಿಯ ಜಾಗ ಖಾಲಿ ಇತ್ತು.

"ಯಾಕ್ರೀ? ನಾನೇನು ಮಾಡ್ದೆ?"

"ಏನೂ ಮಾಡಿಲ್ಲ. ನಾನೂ ಏನೂ ಮಾಡಿಲ್ಲ. ನಿನ್ನ ಮೇಲೆ ನಂದೇನೂ ದೂರಿಲ್ಲ. ಆದ್ರೆ ನಂಗೆ ಈ ಮನೇಲಿ ಲಾಡ್ಜಿನಾಗೆ ಇದ್ದಂಗೆ ಐತೆ. ಬೀಗದ ಕೈ ಐತೆ, ಊಟ ಐತೆ, ಮಾತಾಡಾಕೆ ಮನುಷ್ಯರಿಲ್ಲ. ಹರಪನಹಳ್ಳಿಗೆ ವರ್ಗ ಕೇಳಿದೀನಿ. ಜೂನಿಗೆ ಹೋಗ್ತೀನಿ."

ನಾನು ಅಲ್ಲೇ ಕೂತು ಜೋರಾಗಿ ಅಳಬೇಕಿತ್ತು. ಅಳಲಿಲ್ಲ. ಅತ್ತರೆ ಹಣೆ ಬಿಸಿಯಾಗುತ್ತದೆ, ಡಬ್ಬಿ ಹಳದಿಗೆ ತಿರುಗುತ್ತದೆ, ನಾನೂರ ಹದಿನೆಂಟು ದಿನದ ಹಸಿರು ನೀರುಪಾಲಾಗುತ್ತದೆ. ಎದೆ ಒಡೆಯುವ ಹೊತ್ತಿನಲ್ಲೂ ಈ ಯೋಚನೆ ನನ್ನ ತಲೆಗೆ ಬಂತು ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. "ಯೋಚ್ನೆ ಮಾಡ್ತೀನಿ" ಎಂದು ಕಾಗದವನ್ನು ಮಡಚಿ ಇಟ್ಟುಕೊಂಡೆ. ಗೋಡೆಯ ಮೇಲೆ ಡಬ್ಬಿ ಹಸಿರಾಗಿಯೇ ಇತ್ತು.

ಮಾರನೆಯ ದಿನ ಕೇಂದ್ರದಲ್ಲಿ ಕೂತರೆ ಕೆಲಸ ಕೈಗೆ ಹತ್ತಲಿಲ್ಲ. ಇಡೀ ಊರಿನ ಮನೆಗಳ ಬಗ್ಗೆ ಹೇಳುವ ಯಂತ್ರ ನನ್ನ ಮನೆಯ ಬಗ್ಗೆ ಪಿಟ್ಟೆನ್ನಲಿಲ್ಲವಲ್ಲ ಎಂದು ಅದರ ಮೇಲೆ ಸಿಟ್ಟು ಬಂತು. ಸಿಟ್ಟಿನಲ್ಲೇ ಒಂದು ಪಟ್ಟಿ ತೆಗೆಸಿದೆ. 'ನಾವು ಬೇರೆಯಾಗಿದ್ದೇವೆ, ಡಬ್ಬಿ ವಾಪಸ್ ತೆಗೆದುಕೊಂಡು ಹೋಗಿ' ಎಂದು ಮೂರು ವರ್ಷದಲ್ಲಿ ಬರೆದುಕೊಟ್ಟ ಮನೆಗಳು ಅರವತ್ಮೂರು. ಅವು ಕೆಂಪು ಕೆಂಪಾಗಿ ಇದ್ದಿರಬೇಕು ಎಂದುಕೊಂಡು ಒಂದೊಂದನ್ನೇ ತೆರೆದೆ. ಕೆಂಪಿನಲ್ಲಿ ಮುರಿದದ್ದು ಆರೇ ಆರು ಮನೆ. ಅವು ಕೈ ಎತ್ತುವ ಗಂಡಂದಿರ ಮನೆಗಳು. ಅಲ್ಲಿ ನಮ್ಮ ಡಬ್ಬಿ ಜೀವ ಉಳಿಸಿದೆ, ಇದನ್ನು ನಾನು ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ. ಉಳಿದ ಐವತ್ತೇಳು ಮನೆಗಳು ಮುರಿಯುವ ಮೊದಲು ತಿಂಗಳುಗಟ್ಟಲೆ ಹಸಿರಾಗಿದ್ದವು.

ಮೊದಲು ವಾರಕ್ಕೆ ಮೂರು ಕೇಸರಿ, ಒಬ್ಬರು ಹೊರಗೆ. ಆಮೇಲೆ ವಾರಕ್ಕೆ ಒಂದು ಹಳದಿ. ಆಮೇಲೆ ಏನೂ ಇಲ್ಲ. ಏನೂ ಇಲ್ಲದ ಮೇಲೆ ಆರೇಳು ತಿಂಗಳಿಗೆ ಡಬ್ಬಿ ವಾಪಸ್. ಐವತ್ತೇಳು ಮನೆಯದೂ ಇದೇ ಕಥೆ.

ಲೆಕ್ಕದ ಸೂತ್ರ ಬಿಚ್ಚಿ ಕೂತೆ. ಹದಿನೇಳನೆಯ ಸಾಲಿನಲ್ಲಿ ಸಿಕ್ಕಿತು. 'ತಪ್ಪಿಹೋದ ಜಗಳವನ್ನು ಮುಗಿದ ಜಗಳವೆಂದೇ ತಿಳಿಯತಕ್ಕದ್ದು.' ಬರೆದವಳು ನಾನೇ. ಮೊದಲು ನಾನು ಮಳೆಯ ಮುನ್ಸೂಚನೆಯಲ್ಲಿ ಕೆಲಸಕ್ಕಿದ್ದವಳು. ಅಲ್ಲಿ ಮೋಡ ಚದುರಿದರೆ ಮುಗಿಯಿತು, ಅದು ನಾಳೆ ಬಂದು ಸೇಡು ತೀರಿಸಿಕೊಳ್ಳುವುದಿಲ್ಲ. ಆ ಲೆಕ್ಕವನ್ನೇ ಎತ್ತಿ ಸಂಸಾರಕ್ಕೆ ಅಂಟಿಸಿದ್ದೆ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತ ಹಿರಿಯರು ಹೇಳಿದ್ದು ಜಗಳ ಆಡಿದವರಿಗೆ. ಆಡದೆಯೇ ಉಂಡು ಮಲಗುವವರು ಒಂದು ಕಾಲಕ್ಕೆ ಹುಟ್ಟುತ್ತಾರೆ ಅಂತ ಅವರಿಗೆ ಹೇಗೆ ಗೊತ್ತಿರಬೇಕು? ಡಾಕ್ಟರೇಟ್ ಪಡೆದ ನನಗೇ ಹೊಳೆದಿರಲಿಲ್ಲ.

ಆ ಸಾಲು ತಿದ್ದಿದೆ. ತಪ್ಪಿದ ಜಗಳ ಆಡಿ ಮುಗಿಸುವ ತನಕ ಹಾಗೇ ಉಳಿಯುತ್ತದೆ ಎಂದು ಬರೆದು ನಮ್ಮ ಮನೆಯ ಮೇಲೆ ಓಡಿಸಿದೆ. ಪರದೆಯ ಮೇಲೆ ಒಂದೇ ಒಂದು ಕೆಂಪು ಚುಕ್ಕೆ ಬಂದು ನಿಂತಿತು, ಹದಿನಾಲ್ಕು ತಿಂಗಳ ಹಿಂದಿನ ತಾರೀಖಿನದು. ಅತ್ತೆಯ ಶಿವಗಣಾರಾಧನೆಯ ದಿನ, ಅವರು ತೀರಿಕೊಂಡ ಹನ್ನೊಂದನೆಯ ದಿನ. ಅವತ್ತು ಕೇಂದ್ರದಲ್ಲಿ ಹೊಸ ಯಂತ್ರ ಶುರುವಾಗುವುದಿತ್ತು. ಬಂದವರು ಪಂಕ್ತಿಯಲ್ಲಿ ಊಟಕ್ಕೆ ಕೂತಿರುವಾಗಲೇ ನಾನು ಎದ್ದು ಕೆಲಸಕ್ಕೆ ಹೋದೆ. ಸಂಜೆ ಬಂದು ನೋಡಿದರೆ ಅತ್ತೆಯ ಬೀರು ಖಾಲಿ. ಸೀರೆಗಳನ್ನೆಲ್ಲ ಕೊಟ್ರೇಶ್ ನೆಂಟರಿಗೆ ಹಂಚಿಬಿಟ್ಟಿದ್ದರು. ಆರು ವರ್ಷ ಅತ್ತೆಗೆ ತಲೆ ಬಾಚಿ ಜಡೆ ಹಾಕಿದವಳು ನಾನು. ಕುಂಬಳ ಹೂವಿನ ಬಣ್ಣದ ಇಳಕಲ್ ಸೀರೆಯೊಂದು ನನಗೆ ಬೇಕಿತ್ತು. ಸಾರಿನ ಪಾತ್ರೆ ಎತ್ತಿ ಕುಕ್ಕಿದೆ. ಕೆಂಪು ಬಂತು, ಕೊಟ್ರೇಶ್ ಸೀಟಿ ಕೊರಳಿಗೆ ಹಾಕಿಕೊಂಡು ಮೈದಾನಕ್ಕೆ ಹೋದರು. ಬಂದ ಮೇಲೆ ಅವರೂ ಆಡಲಿಲ್ಲ, ನಾನೂ ಆಡಲಿಲ್ಲ. ಅವತ್ತಿನ ಮಾರನೆಯ ದಿನದಿಂದ ನಮ್ಮ ಮನೆ ಹಸಿರು.

ವೃಷಭೇಂದ್ರಪ್ಪನವರಿಗೆ ಪಟ್ಟಿ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ಒರೆಸಿದರು.

"ಭಾನುವಾರ ಒಂದು ಕಳೀಲಿ ಕಣಮ್ಮ. ಆಮೇಲೆ ಇದಕ್ಕೊಂದು ಸಮಿತಿ ಮಾಡಾಣ."

"ಅಷ್ಟೊತ್ತಿಗೆ ಇಡೀ ರಾಜ್ಯಕ್ಕೆ ಡಬ್ಬಿ ಹಾಕಿರ್ತೀರಿ ಸಾರ್."

"ಹಾಕಿದ್ಮೇಲೆ ತಿದ್ದಾಣ. ನೀವು ಮೊದ್ಲು ಉಪ್ಪಿಟ್ಟಿಗೆ ಎಷ್ಟು ಜನ ಅಂತ ಹೇಳ್ರಿ."

ಭಾನುವಾರ ಬಂತು. ನಮ್ಮ ನಡುಮನೆಯಲ್ಲಿ ಕುರ್ಚಿ ಹಾಕಿ, ಗೋಡೆಗೆ ದೊಡ್ಡ ಪರದೆ ಕಟ್ಟಿ, ಅದರಲ್ಲಿ ನಮ್ಮ ಮನೆಯನ್ನು ಹಚ್ಚ ಹಸಿರಾಗಿ ತೋರಿಸಿದ್ದರು. ಕೊಟ್ರೇಶ್ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದರು. ಆಯುಕ್ತರು ಐವತ್ತರ ಆಸುಪಾಸಿನ ಹೆಂಗಸು, ಕೈಯಲ್ಲಿ ಪುಟ್ಟ ಡೈರಿ. ಡಬ್ಬಿ ನೋಡಿದರು, ಪರದೆ ನೋಡಿದರು, ಉಪ್ಪಿಟ್ಟು ಎರಡು ಚಮಚ ತಿಂದರು.

"ಏನ್ ಮೇಷ್ಟ್ರೇ, ಇಷ್ಟು ದಿನ ಜಗಳ ಇಲ್ದೇ ಇರೋಕೆ ಗುಟ್ಟೇನು?" ಅಂದರು.

"ಗುಟ್ಟೇನಿಲ್ಲ ಮೇಡಂ. ಮಾತಾಡಲ್ಲ, ಅಷ್ಟೇ" ಅಂದರು ಕೊಟ್ರೇಶ್.

ಎಲ್ಲರೂ ಗೊಳ್ಳೆಂದು ನಕ್ಕರು. ವೃಷಭೇಂದ್ರಪ್ಪ ಚಪ್ಪಾಳೆಯನ್ನೂ ತಟ್ಟಿದರು. ನಾನು ಕೊಟ್ರೇಶ್ ಮುಖ ನೋಡಿದೆ. ಆ ಮನುಷ್ಯ ತಮಾಷೆ ಮಾಡಿರಲಿಲ್ಲ. ಜೂನಿಗೆ ಇವರು ಹೋಗುತ್ತಾರೆ, ಆಮೇಲೆ ಈ ಮನೆಯಲ್ಲಿ ನಾಲ್ಕು ಮಾತೂ ಇರುವುದಿಲ್ಲ ಎಂದು ಹೊಳೆಯಿತು. ನನಗೆ ಇವರು ಬೇಕು. ಹದಿನಾಲ್ಕು ತಿಂಗಳಲ್ಲಿ ಆ ಮಾತನ್ನು ನನಗೆ ನಾನೇ ಹೇಳಿಕೊಂಡದ್ದು ಅದೇ ಮೊದಲು.

"ರೀ," ಅಂದೆ. "ಅತ್ತೇದು ಕುಂಬಳ ಹೂವಿನ ಬಣ್ಣದ ಇಳಕಲ್ ಸೀರೆ ಇತ್ತಲ್ಲ, ಅದನ್ನ ಯಾರಿಗೆ ಕೊಟ್ರಿ?"

ನಗು ನಿಂತಿತು. "ಈಗ್ಯಾಕೆ ಆ ಮಾತು?" ಅಂದರು.

"ಈಗ್ಲೇ ಬೇಕು. ನನ್ನ ಒಂದು ಮಾತು ಕೇಳ್ಬೇಕು ಅಂತ ನಿಮಗೆ ಅನ್ನಿಸ್ಲೇ ಇಲ್ವಾ? ನಾನೇನು ಈ ಮನೆಗೆ ಬಾಡಿಗೆಗೆ ಬಂದೋಳಾ?"

ಪರದೆ ಹಳದಿಯಾಯಿತು. ನೋಡುತ್ತಿದ್ದ ಹಾಗೇ ಕೇಸರಿಗೆ ಏರಿತು. ಕೊಟ್ರೇಶ್ ಫೋನು, ನನ್ನ ಫೋನು, ವೃಷಭೇಂದ್ರಪ್ಪನವರ ಫೋನು ಮೂರೂ ಒಟ್ಟಿಗೆ ಬಡಿದುಕೊಂಡವು. ದಯವಿಟ್ಟು ಒಬ್ಬರು ಹೊರಗೆ ಹೋಗಿ. ಕೊಟ್ರೇಶ್ ಅಭ್ಯಾಸಬಲದಿಂದ ಎದ್ದು ಬಾಗಿಲ ತನಕ ನಡೆದು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡರು.

"ಈಗ ಹೋದ್ರೆ ಇವತ್ತೇ ನಿಮ್ಮ ಅರ್ಜಿಗೆ ಸಹಿ ಹಾಕ್ತೀನಿ," ಅಂದೆ. "ಇಲ್ಲೇ ನಿಂತು ಬೈದ್ರೆ ಯೋಚ್ನೆ ಮಾಡ್ತೀನಿ."

ಅವರು ಆ ಒಂಟಿ ಚಪ್ಪಲಿಯಲ್ಲಿ ಬಹಳ ಹೊತ್ತು ನಿಂತರು. ಆಮೇಲೆ ಚಪ್ಪಲಿಯನ್ನು ಒದ್ದು ಬಿಟ್ಟು ಒಳಗೆ ಬಂದರು. ಮೈದಾನದ ದನಿ ಮೊದಲ ಸಲ ಮನೆಯೊಳಗೆ ಕೇಳಿಸಿತು.

"ನಮ್ಮವ್ವನ ಗಣಾರಾಧನೆ ದಿನ ಪಂಕ್ತಿ ನಡುವೆ ಎದ್ದು ಹೋದೋಳು ನೀನು. ಬಂದೋರೆಲ್ಲ ಸೊಸೆ ಎಲ್ಲಿ, ಸೊಸೆ ಎಲ್ಲಿ ಅಂತ ಕೇಳಿದ್ರು. ಏನು ಹೇಳ್ಬೇಕಿತ್ತು ನಾನು? ಕಂಡೋರ ಮನೆ ಜಗಳ ಅಳೆಯಾಕೆ ಹೋಗ್ಯಾಳೆ ಅಂತ ಹೇಳ್ಬೇಕಿತ್ತಾ?"

"ಅದಕ್ಕೆ ಒಂದೂ ಬಿಡ್ದಂಗೆ ಹಂಚಿಬಿಟ್ರಾ?"

"ಹೌದು, ಹಂಚ್ದೆ. ಸಿಟ್ಟಿಗೇ ಹಂಚ್ದೆ. ನಿಂಗೆ ಸಿಗಬಾರ್ದು ಅಂತಾನೇ ಹಂಚ್ದೆ."

ಪರದೆ ಕೆಂಪಾಗಿ ಮಿನುಗತೊಡಗಿತು. ಸದ್ದು ಕೇಳಿ ಅಕ್ಕಪಕ್ಕದವರು ಬಂದರು. ನಮ್ಮ ಬೀದಿಯಲ್ಲಿ ಮೊದಲಿನಿಂದಲೂ ಹಾಗೇ, ಜಗಳವೆಂದರೆ ಬಿಡಿಸಲು ಬರುತ್ತಾರೆ. ನಮ್ಮ ಮನೆಗೆ ಮಾತ್ರ ಮೂರು ವರ್ಷದಿಂದ ಬರಲು ಅವಕಾಶವೇ ಸಿಕ್ಕಿರಲಿಲ್ಲ. ಹನುಮಕ್ಕ ಕೊರಳಲ್ಲಿ ಟೇಪು ಹಾಕಿಕೊಂಡೇ ಒಳಗೆ ಬಂದು, ಖಾಲಿ ಕುರ್ಚಿ ನೋಡಿ ಆಯುಕ್ತರ ಪಕ್ಕದಲ್ಲೇ ಕೂತರು. ವೃಷಭೇಂದ್ರಪ್ಪ ನಮ್ಮಿಬ್ಬರ ನಡುವೆ ಬರಲು ನೋಡಿದರೆ ಹನುಮಕ್ಕ ಅವರ ಕೋಟು ಹಿಡಿದು ಜಗ್ಗಿದರು.

"ಬಿಡಿಸ್ಬ್ಯಾಡ್ರಿ ಸಾಹೇಬ್ರೇ. ಈಗ ಹದಕ್ಕೆ ಬಂದೈತೆ."

"ಇದು ಇನ್ನೆಷ್ಟು ಹೊತ್ತು ನಡೀಬಹುದು?" ಆಯುಕ್ತರು ವೃಷಭೇಂದ್ರಪ್ಪನವರನ್ನು ಕೇಳಿದರು.

"ಯಂತ್ರ ಶುರುವಾಗೋದು ಮಾತ್ರ ಹೇಳ್ತದೆ ಮೇಡಂ. ಮುಗಿಯೋದು ಹೇಳಲ್ಲ."

"ಇನ್ನು ಅರ್ಧ ಗಂಟೆ," ಅಂದರು ಹನುಮಕ್ಕ, ಕೇಸರಿಬಾತಿನ ತಟ್ಟೆ ಎತ್ತಿಕೊಳ್ಳುತ್ತಾ. "ಗಂಡಸು ಅತ್ತ ಮೇಲೆ ಇಳೀತದೆ." ಆಯುಕ್ತರು ಡೈರಿ ತೆರೆದು ಅದನ್ನು ಬರೆದುಕೊಂಡರು.

ನಾವು ಯಾರನ್ನೂ ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ. ನನಗೆ ಬಡ್ತಿ ಬಂದಾಗ ಮನೆಯಲ್ಲೇ ಇದ್ದೂ ಫೋನಿನಲ್ಲಿ ಅಭಿನಂದನೆ ಕಳಿಸಿದ್ದನ್ನು ನಾನು ತೆಗೆದೆ. ಅವರ ಹುಡುಗಿಯರು ರಾಜ್ಯಮಟ್ಟದ ಖೊಖೊ ಫೈನಲ್ ಗೆದ್ದ ದಿನ ನಾನು 'ಯಾವ ಪಂದ್ಯ?' ಎಂದು ಕೇಳಿದ್ದನ್ನು ಅವರು ತೆಗೆದರು. ಹಾಗೆ ಕೇಳಿದ್ದು ನನಗೆ ನೆನಪೇ ಇರಲಿಲ್ಲ. ಕೇಳಿದಾಗ ತಲೆ ತಗ್ಗಿಸಿದೆ, ಆದರೆ ಬಾಯಿ ನಿಲ್ಲಿಸಲಿಲ್ಲ. ಮಧ್ಯೆ ಒಮ್ಮೆ ಉಸಿರು ತೆಗೆದುಕೊಳ್ಳಲು ನಿಂತಾಗ ಆಯುಕ್ತರ ಕಡೆ ತಿರುಗಿ ಹದಿನೇಳನೆಯ ಸಾಲಿನ ತಪ್ಪನ್ನೂ, ಐವತ್ತೇಳು ಮನೆಗಳ ಕಥೆಯನ್ನೂ ಹೇಳಿ, ಮತ್ತೆ ಗಂಡನ ಕಡೆ ತಿರುಗಿದೆ.

ಕೊನೆಗೆ ನಾನೇ ಅಂದೆ, "ಅವತ್ತು ಹೋಗಿದ್ದು ತಪ್ಪು. ಮನೇಲಿ ಕೂತ್ರೆ ಅತ್ತೆ ಇಲ್ಲ ಅನ್ನೋದು ಕಣ್ಣಿಗೆ ಹೊಡೀತಿತ್ತು. ಅದಕ್ಕೇ ಓಡಿಹೋದೆ."

ಕೊಟ್ರೇಶ್ ಕೂತುಬಿಟ್ಟರು. "ಹಂಚಿದ ಮಾರನೇ ದಿನಾನೇ ಆ ಸೀರೆ ವಾಪಸ್ ಕೇಳಾಕೆ ಹೋಗಿದ್ದೆ ನೀಲಾ. ಕೊಡಲಿಲ್ಲ ಆ ನೆಂಟ್ರು. ನಿಂಗಷ್ಟೇ ಅಲ್ಲ, ನಂಗೂ ನಮ್ಮವ್ವಂದು ಅಂತ ಒಂದು ಅರಿವೆ ಇಲ್ಲ ಈಗ." ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನಾನೂ ಪಕ್ಕದಲ್ಲಿ ಕೂತು ಅತ್ತೆ. ಹನುಮಕ್ಕ ಗಡಿಯಾರ ನೋಡಿ, ತಟ್ಟೆ ಇಟ್ಟು, ಎಲ್ಲರನ್ನೂ ಎಬ್ಬಿಸಿಕೊಂಡು ಹೊರಗೆ ಹೋದರು. ಅವರ ಲೆಕ್ಕ ಎರಡು ನಿಮಿಷವಷ್ಟೇ ತಪ್ಪಿತ್ತು.

ಆಯುಕ್ತರು ಆಮೇಲೆ ಮಾಡಿದ್ದು ಸರಿಯಾದದ್ದೇ. ಹೊಡೆತ ಬೀಳುವ ಮನೆಗಳಿಗೆ ಡಬ್ಬಿ ಉಳಿಯಿತು. ಉಳಿದವರ ಮನೆಗಳಿಂದ ತೆಗೆಸಿದರು. ಮಂಡಕ್ಕಿ ಅಂಗಡಿಯವರು ಒಂದು ವಾರ ನನ್ನ ಮುಖ ಕಂಡರೆ ಆ ಕಡೆ ತಿರುಗುತ್ತಿದ್ದರು.

ಆದರೆ ಆ ಭಾನುವಾರ ಎಲ್ಲರೂ ಹೋದ ಮೇಲೆ ನಾವಿಬ್ಬರೇ ಉಳಿದೆವು. ಹೊಟ್ಟೆ ಚುರುಗುಟ್ಟುತ್ತಿತ್ತು. ಆರಿ ತಣ್ಣಗಾದ ಉಪ್ಪಿಟ್ಟಿನ ಪಾತ್ರೆಯನ್ನು ನೆಲದ ಮೇಲೆ ಇಟ್ಟುಕೊಂಡು ಎದುರುಬದುರು ಕೂತು ತಿಂದೆವು.

"ಉಪ್ಪು ಕಮ್ಮಿ," ಅಂದರು.

"ನಂಗೇನು ಹೇಳ್ತೀರಿ? ನಾನು ಮಾಡಿದ್ದಲ್ಲ."

"ಹೇಳಾಕೆ ಇನ್ಯಾರಿದಾರೆ?"

ಕೈ ತೊಳೆದು ಬಂದು ಆ ಅರ್ಜಿಯನ್ನು ತೆಗೆದು ಅವರ ಮುಂದೆ ಇಟ್ಟೆ. ಪೆನ್ನನ್ನೂ ಇಟ್ಟೆ.

"ಇದನ್ನೇನು ಮಾಡಾಣ?"

ಅವರು ಕಾಗದ ನೋಡಿದರು, ನನ್ನನ್ನು ನೋಡಿದರು. ಇನ್ನೊಂದು ತುತ್ತು ಉಪ್ಪಿಟ್ಟು ಬಾಯಿಗೆ ಹಾಕಿಕೊಂಡು ನಿಧಾನವಾಗಿ ನುಂಗಿದರು.

"ಅದರ ಬಗ್ಗೆ ನಾಳೆ ಜಗಳ ಆಡಾಣ," ಅಂದರು. "ಇವತ್ತು ಗಂಟ್ಲು ಕಟ್ಟಿಹೋಗೈತೆ."